ಕೋವಿಡ್‌ಗಾಗಿ ಕಟ್ಟಿದ ಪ್ರಯೋಗಾಲಯಗಳನ್ನು ಮುಚ್ಚಬೇಕೇ, ಇಟ್ಟುಕೊಳ್ಳಬೇಕೇ?

ಕೋವಿಡ್ ಪರೀಕ್ಷೆಗೆಂದು ಕಟ್ಟಿದ ಪ್ರಯೋಗಾಲಯಗಳಿಗೆ ಈಗ ಕೆಲಸ ಕಡಿಮೆಯಾಗಿದೆ, ಅವನ್ನು ಮುಚ್ಚಬೇಕೇ ಅಥವಾ ಮುಂದಿನ ಸಾಂಕ್ರಾಮಿಕಕ್ಕೆಂದು ಹಾಗೆಯೇ ಇಡಬೇಕೇ ಎಂದು ಕೇಳಿದ್ದೀರಿ. ಮಡಿಕೇರಿಯ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ಆ ದಿನಗಳನ್ನು ಕಂಡವನು ನಾನು. ಮುಚ್ಚಬಾರದು ಎಂಬುದೇ ನನ್ನ ಉತ್ತರ. ಆದರೆ ಕೆಲಸ ಕೊಡದೆ ಇಟ್ಟುಕೊಂಡರೂ ಅವು ತಾವಾಗಿಯೇ ಮುಚ್ಚಿಹೋಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು ತುರ್ತು ಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಿಸುವ ಹೊತ್ತಿಗೆ ನಮ್ಮಲ್ಲಿಗೆ ಬರುತ್ತಿದ್ದ ಮಾದರಿಗಳು ಬೆರಳೆಣಿಕೆಗೆ ಇಳಿದಿದ್ದವು, ಗುತ್ತಿಗೆಯ ಮೇಲಿದ್ದ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬೇರೆ ಊರು ಸೇರಿದ್ದರು. ಒಂದು ಮಧ್ಯಾಹ್ನ ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ಕಿಟ್‌ಗಳನ್ನು ಹೊರತೆಗೆದಾಗ ಸೀಲು ಒಡೆಯದ ಪೆಟ್ಟಿಗೆಗಳ ಅವಧಿಯೂ ಮುಗಿದಿತ್ತು. ಅವನ್ನು ವಿಲೇವಾರಿ ಚೀಲಕ್ಕೆ ಹಾಕುವಾಗ ಹೊಟ್ಟೆ ಉರಿಯಿತು, ಏಕೆಂದರೆ 2020ರಲ್ಲಿ ಇಂಥದೇ ಪೆಟ್ಟಿಗೆಗಾಗಿ ನಾವು ದಿನಗಟ್ಟಲೆ ಕಾದಿದ್ದೆವು.

ಮಾದರಿಯಲ್ಲಿ ರೋಗಾಣುವಿನ ಗುರುತು ಹುಡುಕುವ ಆರ್‌ಟಿ-ಪಿಸಿಆರ್ ಯಂತ್ರ ಕೋವಿಡ್‌ಗೇ ಮೀಸಲಾದದ್ದಲ್ಲ. ಕಿಟ್ ಬದಲಿಸಿದರೆ ಅದೇ ಯಂತ್ರ ಡೆಂಗಿ, ಎಚ್1ಎನ್1, ಇಲಿ ಜ್ವರಗಳನ್ನು ಗುರುತಿಸುತ್ತದೆ, ಹೆಪಟೈಟಿಸ್ ರೋಗಿಯ ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ಅಳೆಯುತ್ತದೆ. ಕೊಡಗಿನಲ್ಲಿ ಮಳೆಗಾಲದ ಜ್ವರಗಳಿಗೇನೂ ಕೊರತೆಯಿಲ್ಲವಾದ್ದರಿಂದ ಈ ಪರೀಕ್ಷೆಗಳನ್ನು ಇಲ್ಲಿಯೇ ಮಾಡಿದರೆ ರೋಗಿಗೆ ಉಪಕಾರವಾಗುತ್ತದೆ, ನಮ್ಮ ಕೈಗಳ ಅಭ್ಯಾಸವೂ ತಪ್ಪುವುದಿಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡ್‌ನಲ್ಲಿ ಕಾಣಿಸಿಕೊಂಡ ನಿಪಾ ಎಂಬ ಮಾರಕ ವೈರಾಣು ಜ್ವರ ನಮಗೆ ದೂರದ ಸುದ್ದಿಯಲ್ಲ. ನಮ್ಮ ಗಡಿ ಕೋಳಿಕ್ಕೋಡಿನ ಪಕ್ಕದ ವಯನಾಡಿಗೆ ತಾಗಿಕೊಂಡಿದೆ. ಅಂಥ ಮಾದರಿಯನ್ನು ಹೆಚ್ಚಿನ ಸುರಕ್ಷತೆಯಿರುವ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆಗೆ ಕಳುಹಿಸಬೇಕಾಗುತ್ತದೆ. ಅದನ್ನು ಸೋರದಂತೆ ಮೂರು ಪದರಗಳಲ್ಲಿ ಕಟ್ಟಿ, ತಂಪು ಕೆಡದಂತೆ ಸಾಗಿಸುವ ಅಭ್ಯಾಸವನ್ನು ಜ್ವರ ಬರುವ ಮೊದಲೇ ಮಾಡಿಸಬೇಕು.

ಹಾಗಾಗಿ ದಿನಕ್ಕೆ ಎಷ್ಟು ಪರೀಕ್ಷೆ ಮಾಡಬಲ್ಲಿರಿ ಎಂಬುದಕ್ಕಿಂತ, ಅದನ್ನು ಎಷ್ಟು ದಿನಗಳಲ್ಲಿ ಹತ್ತು ಪಟ್ಟು ಹೆಚ್ಚಿಸಬಲ್ಲಿರಿ ಎಂಬ ಪ್ರಶ್ನೆಯಿಂದ ಯೋಜನೆ ಆರಂಭವಾಗಲಿ. ಕಿಟ್‌ಗಳನ್ನು ಒಮ್ಮೆಲೇ ರಾಶಿ ಹಾಕದೆ ಕಂತುಗಳಲ್ಲಿ ತರಿಸುವ ದರ ಒಪ್ಪಂದ ಬೇಕು; ಕರೆದಾಗ ಬರುವ, ಮೊದಲೇ ತರಬೇತಿ ಪಡೆದವರ ಪಟ್ಟಿ ಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಕರೆಂಟಿನ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು: ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಯುಪಿಎಸ್ ಕೈಕೊಟ್ಟರೆ, ಅರ್ಧ ಓಡಿದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ, ಫ್ರೀಜರಿನಲ್ಲಿರುವುದೆಲ್ಲ ಕೆಡುವ ಭಯವೂ ಇರುತ್ತದೆ. ನಿಮ್ಮ ಊರಿನಲ್ಲಿ ಈ ಬಗ್ಗೆ ಯಾರಾದರೂ ಸಲಹೆ ಕೇಳಿದರೆ, ಇನ್ನೊಂದು ಯಂತ್ರಕ್ಕಿಂತ ಮೊದಲು ಜನರೇಟರನ್ನೂ ಇಬ್ಬರು ಕಾಯಂ ತಂತ್ರಜ್ಞರನ್ನೂ ಕೇಳಿ.