ಪೆನ್ಶನ್ ನಿಂತ್ರೆ ಮನೇಲಿ ನಾನು ಯಾರು?

ಹಾಸನದಲ್ಲಿ ನನ್ನ ಬಳಿ ಬರುವ ವಿಕಲಚೇತನರ ಮನೆಯವರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಕೆಲಸಕ್ಕೆ ಸೇರಿದ್ರೆ ಪೆನ್ಶನ್ ಕಟ್ ಆಗುತ್ತಂತೆ, ಹೌದಾ?" ಇದೇ ಭಯಕ್ಕೆ ಕೈಗೆ ಬಂದ ಕೆಲಸ ಬಿಟ್ಟವರಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅರಸೀಕೆರೆ ಕಡೆಯ ಹುಡುಗ, ವಯಸ್ಸು 26. ಚಿಕ್ಕಂದಿನಿಂದ ಕಾಲಿನಲ್ಲಿ ಬಲವಿಲ್ಲ. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತಿದ್ದ. ವೈಕಲ್ಯ ಶೇ. 75ಕ್ಕಿಂತ ಜಾಸ್ತಿ ಇದ್ದದ್ದರಿಂದ ತಿಂಗಳಿಗೆ 1,400 ರೂಪಾಯಿ ಸರ್ಕಾರದ ಪೆನ್ಶನ್ ಬರುತ್ತಿತ್ತು. ಹಾಸನದ ಒಂದು ಗೋಡೌನ್‌ನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತ್ತು. ಸಂಬಳ 12,000.

ತಾಯಿ ಜೊತೆಗೇ ಬಂದಿದ್ದರು. ಮಾತೆಲ್ಲ ಅವರದೇ. "ಗೋಡೌನಿನೋರು ನಾಳೆ ಬೇಡ ಅಂದ್ರೆ? ಪೆನ್ಶನ್ ಮಾಡಿಸೋಕೆ ಎಷ್ಟು ಅಲೆದಿದೀವಿ ಗೊತ್ತಾ ಮೇಡಂ? ರೇಷನ್ ಕಾರ್ಡೂ ಹೋಗುತ್ತೆ ಅಂತಾರೆ." ಹುಡುಗ ತಲೆ ತಗ್ಗಿಸಿ ಕೂತಿದ್ದ. ನಡೆಯಲು ಆಧಾರವಾಗಿ ಕಾಲಿಗೆ ಕಟ್ಟಿಕೊಳ್ಳುವ ಅವನ ಕ್ಯಾಲಿಪರ್‌ನ ಚರ್ಮದ ಪಟ್ಟಿ ಕಿತ್ತುಹೋಗಿತ್ತು. ಅದರ ಜಾಗದಲ್ಲಿ ಹಳೆಯ ಶಾಲೆ ಬ್ಯಾಗಿನ ಪಟ್ಟಿ ಹೊಲಿದಿದ್ದರು.

ತಾಯಿಯನ್ನು ಹೊರಗೆ ಕೂರಲು ಹೇಳಿ ಅವನೊಬ್ಬನನ್ನೇ ಕೇಳಿದೆ, "ನಿಮಗೆ ಈ ಕೆಲಸ ಬೇಕಾ?"

"ಬೇಕು ಮೇಡಂ. ಆದ್ರೆ ಸಂಬಳ ಲೆಕ್ಕದಲ್ಲಿ ತೋರಿಸ್ದೆ ಕೈಗೇ ಕೊಡಿ ಅಂತ ಓನರ್‌ನ ಕೇಳ್ತೀನಿ."

"ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮನೇಲಿ ಎಲ್ಲರೂ ದುಡೀತಾರೆ. ನನ್ನ ಕಡೆಯಿಂದ ಅಂತ ಬರೋದು ಆ ಪೆನ್ಶನ್ ಒಂದೇ. ಅದು ಬಂದ ದಿನ ಅಮ್ಮ ನನ್ನ ಕೇಳಿ ಸಾಮಾನು ತರ್ತಾಳೆ. ಅದೂ ನಿಂತು, ಈ ಕೆಲಸಾನೂ ಹೋದ್ರೆ, ಮನೇಲಿ ನಾನು ಯಾರು ಮೇಡಂ?"

ಇಂಥ ಮನೆಯವರನ್ನು ದುರಾಸೆಯವರು, ಸೋಮಾರಿಗಳು ಅನ್ನುವವರು ಈ ಮಾತು ಕೇಳಬೇಕು. ಅವನು ಹೆದರಿದ್ದು ಮನೆಯಲ್ಲಿ ತನಗಿದ್ದ ಸ್ಥಾನ ಹೋಗುತ್ತದಲ್ಲ ಅಂತ. ಅದಕ್ಕೆ ಧೈರ್ಯವಾಗಿರು ಅಂತ ಸುಮ್ನೆ ಹೇಳಿದರೆ ಸಾಲದು. ಲೆಕ್ಕ ತೋರಿಸಬೇಕು. ತಾಯಿಯನ್ನು ಒಳಗೆ ಕರೆದು ಹಾಳೆಯಲ್ಲಿ ಬರೆದು ತೋರಿಸಿದೆ.

ಪೆನ್ಶನ್‌ಗೆ ಕುಟುಂಬದ ಆದಾಯ ವರ್ಷಕ್ಕೆ 32,000 ದಾಟಬಾರದು. ಹಾಗಾಗಿ ಅದು ನಿಲ್ಲುತ್ತದೆ. ವರ್ಷಕ್ಕೆ ಹೋಗುವುದು 16,800, ಬರುವುದು 1,44,000. ಬಿಪಿಎಲ್ ಕಾರ್ಡಿನ ಮಿತಿ 1.20 ಲಕ್ಷ, ಆ ಕಾರ್ಡೂ ಹೋಗಬಹುದು. ಅಕ್ಕಿ ನಿಂತರೆ ಮನೆಗೆ ಹೊರೆಯೇ, ಅದನ್ನು ಮುಚ್ಚಿಡಲಿಲ್ಲ. ಆದರೆ ತಾಯಿಗೆ ಬರುವ ಗೃಹಲಕ್ಷ್ಮಿಯ 2,000 ಎಪಿಎಲ್ ಕಾರ್ಡಿನವರಿಗೂ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಆದಾಯಕ್ಕೂ ಸಂಬಂಧವೇ ಇಲ್ಲ. ವರ್ಷಕ್ಕೆ 660 ರೂಪಾಯಿಯ ಕೆಎಸ್‌ಆರ್‌ಟಿಸಿ ಪಾಸ್‌ನಲ್ಲಿ 100 ಕಿ.ಮೀ. ಒಳಗೆ ಓಡಾಡಬಹುದು, ಅರಸೀಕೆರೆಯಿಂದ ಹಾಸನಕ್ಕೆ ಅದು ಸಾಕು. ರಾಜ್ಯ ಸರ್ಕಾರದ ಸಿ ಮತ್ತು ಡಿ ಗುಂಪಿನ ಹುದ್ದೆಗಳಲ್ಲಿ ಶೇ. 5ರ ಮೀಸಲಾತಿಯೂ ಹಾಗೇ ಇರುತ್ತದೆ.

ಕೈಗೆ ಸಂಬಳ ಬೇಡವೇ ಬೇಡ ಅಂದೆ. ನನ್ನ ಜೊತೆ ಕೆಲಸ ಮಾಡುವ ಕೆಲವರು ಇದನ್ನು ಒಪ್ಪುವುದಿಲ್ಲ. ಬಡವರು ಎರಡು ಕಡೆಯಿಂದ ನಾಲ್ಕು ಕಾಸು ಪಡೆದರೆ ಏನು ತಪ್ಪು ಅನ್ನುತ್ತಾರೆ. ಅವರ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಲೆಕ್ಕದಲ್ಲಿ ಹೆಸರಿಲ್ಲದವನಿಗೆ ಪಿಎಫ್ ಇಲ್ಲ, ಚಿಕಿತ್ಸೆಗೆ ನೆರವಾಗುವ ನೌಕರರ ವಿಮೆ ಇಎಸ್‌ಐ ಇಲ್ಲ. ವಿಕಲಚೇತನರಿಗೆ ಇಎಸ್‌ಐ ಸಂಬಳದ ಮಿತಿ 25,000, ಉಳಿದವರಿಗೆ 21,000. ಅಪ್ಪ ಅಮ್ಮ ಅವನನ್ನು ಅವಲಂಬಿಸಿದ್ದರೆ ಅವರಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ನಾಳೆ ಬೇಡ ಅಂದರೆ, ಇಲ್ಲಿ ದುಡಿದಿದ್ದೆ ಅನ್ನಲು ಒಂದು ಕಾಗದವಾದರೂ ಬೇಕಲ್ವಾ? ಪ್ರತಿ ತಿಂಗಳು ಕದ್ದು ಮುಚ್ಚಿ ಸಂಬಳ ತಗೊಳ್ಳುವವನು ನೆಮ್ಮದಿಯಾಗಿ ದುಡಿಯುವುದೂ ಕಷ್ಟ.

ಹಾಗಾಗಿ ಹೀಗೆ ಹೇಳಿದೆ. ಸಂಬಳ ನಿಮ್ಮ ಖಾತೆಗೇ ಬರಲಿ. ಮೊದಲ ಸಂಬಳದಿಂದಲೇ ಇಷ್ಟು ಅಂತ ಅಮ್ಮನ ಕೈಗೆ ಕೊಡಿ. ಸಾಮಾನಿನ ಪಟ್ಟಿ ಇನ್ನು ಮುಂದೆಯೂ ಇಬ್ಬರೂ ಕೂತು ಬರೆಯಿರಿ. ಕೆಲಸಕ್ಕೆ ಸೇರಿದ ವಿಷಯ ನಾಡಕಚೇರಿಗೆ ನೀವೇ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ. ಪೆನ್ಶನ್ ಮಂಜೂರಾದ ಆದೇಶ ಜೋಪಾನವಾಗಿಡಿ. ಕೆಲಸ ಹೋಗಿ ಆದಾಯ ಮಿತಿಯೊಳಗೆ ಬಂದರೆ ಮತ್ತೆ ಅರ್ಜಿ ಹಾಕಬಹುದು.

ತಾಯಿ ಕೇಳಿದ್ದು ಒಂದೇ, "ಮತ್ತೆ ಅರ್ಜಿ ಹಾಕಿದ್ರೆ ಮತ್ತೆ ಅಷ್ಟೇ ಅಲೆಸ್ತಾರಲ್ಲ ಮೇಡಂ?" ಆ ಮಾತು ನನ್ನನ್ನು ಈಗಲೂ ಕಾಡುತ್ತದೆ. ಕೆಲಸ ಸಿಕ್ಕಿತು ಅಂತ ವಿಕಲಚೇತನರ ಖರ್ಚು ನಿಲ್ಲುವುದಿಲ್ಲ. ಆಟೋ, ಬೂಟು, ಕ್ಯಾಲಿಪರ್ ರಿಪೇರಿ, ಕೆಲಸಕ್ಕೆ ಹೊರಟ ಮೇಲೆ ಇವೆಲ್ಲ ಜಾಸ್ತಿಯೇ. 32,000ದ ಗೆರೆ ದಾಟಿದ ಕೂಡಲೇ ಪೂರ್ತಿ ನಿಲ್ಲಿಸುವ ಬದಲು ಸ್ವಲ್ಪ ಕಾಲವಾದರೂ ಪೆನ್ಶನ್ ಮುಂದುವರಿಸಬೇಕು, ಕೆಲಸ ಹೋದರೆ ಹಳೆಯ ಆದೇಶದ ಮೇಲೇ ಮತ್ತೆ ಶುರು ಮಾಡಬೇಕು. ಹಾಗಾದರೆ ಎಷ್ಟೋ ಮನೆಯ ಮಕ್ಕಳು ಧೈರ್ಯವಾಗಿ ಕೆಲಸಕ್ಕೆ ಹೊರಡುತ್ತಾರೆ. ತಾಯಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿಯೇ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಅರ್ಜಿಗೆ ಅವರ ನೆರವು ಕೇಳಿ, ನೀವೊಬ್ಬರೇ ಅಲೆಯಬೇಡಿ.

ಹುಡುಗ ಕೆಲಸಕ್ಕೆ ಸೇರಿದ. ಸಂಬಳ ಖಾತೆಗೇ ಬರುತ್ತಿದೆ.