ತುಕ್ರ, ಕೋಫಿ, ಪಸಾಂಗ್: ಮೂವರೂ ಶುಕ್ರವಾರದವರು

ಹೆಸರುಗಳ ಹುಟ್ಟು, ಅರ್ಥಗಳ ಬಗ್ಗೆ ಕೊಡಗಿನ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ವಾರ ಉತ್ತರ.

ನಮ್ಮ ಅಜ್ಜನ ಹೆಸರು ತುಕ್ರ. ಸುಳ್ಯದ ಕಡೆಯಿಂದ ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬಂದವರು. ಮಗನಿಗೆ ಶಾಲೆಯಲ್ಲಿ ಮನೆಯ ಹಿರಿಯರ ಹೆಸರು ಬರೆದು ತರಲು ಹೇಳಿದ್ದರು. ಆ ಹೆಸರು ಓದಿದಾಗ ಮಕ್ಕಳೆಲ್ಲ ನಕ್ಕರಂತೆ. ಈಗ ‘ಶುಕ್ರಪ್ಪ ಅಂತ ತಿದ್ದಿ ಕೊಡ್ತೀನಿ’ ಎನ್ನುತ್ತಾನೆ. ಆ ಹೆಸರಿಗೆ ಏನಾದರೂ ಅರ್ಥ ಇದೆಯೇ?
– ಓದುಗರು, ಸಂಪಾಜೆ

ತಿದ್ದುವುದು ಬೇಡ. ನಿಮ್ಮ ಅಜ್ಜ ಶುಕ್ರವಾರ ಹುಟ್ಟಿದವರು, ತುಕ್ರ ಎಂದರೆ ಅಷ್ಟೇ. ತುಳುವಿನ ಹಲವು ಮನೆಮಾತುಗಳಲ್ಲಿ ‘ಶ’ ಇದ್ದಲ್ಲಿ ‘ತ’ ಬರುತ್ತದೆ. ಹಾಗಾಗಿ ಶುಕ್ರ ತುಕ್ರ ಆಯಿತು, ಶನಿವಾರದ ಕೂಸು ತನಿಯ ಆಯಿತು. ಅದನ್ನೇ ಕೆಲವರು ಚನಿಯ ಎನ್ನುತ್ತಾರೆ. ಐತಾರ, ಅಂದರೆ ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ. ತುಳುನಾಡಿನಲ್ಲಿ ಊರೂರಿಗೂ ನಂಬುವ ಕೊರಗಜ್ಜ ಇದ್ದಾರಲ್ಲ, ಅವರ ಹೆಸರೂ ತನಿಯನೇ. ಬೆಳಗ್ಗೆ ಆ ದೈವಕ್ಕೆ ಕೈ ಮುಗಿದು, ಸಂಜೆ ಅದೇ ಹೆಸರಿನ ಕೂಲಿಯವನನ್ನು ನೋಡಿ ನಗುವವರಿದ್ದಾರೆ.

ಈಗ ಮಗನಿಗೆ ಇನ್ನೊಂದು ಹೆಸರು ಹೇಳಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ, 2001ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕೋಫಿ ಅನ್ನಾನ್. ಅವರು ಘಾನಾ ದೇಶದವರು. ಅಲ್ಲಿನ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಮಗುವಿನ ಹೆಸರು. ಗಂಡಾದರೆ ಭಾನುವಾರಕ್ಕೆ ಕ್ವಾಸಿ, ಸೋಮವಾರಕ್ಕೆ ಕ್ವಾಡ್ವೊ ಅಥವಾ ಕೋಜೊ, ಮಂಗಳವಾರಕ್ಕೆ ಕ್ವಾಬೆನಾ, ಬುಧವಾರಕ್ಕೆ ಕ್ವಾಕು, ಗುರುವಾರಕ್ಕೆ ಯಾವ್, ಶುಕ್ರವಾರಕ್ಕೆ ಕೋಫಿ, ಶನಿವಾರಕ್ಕೆ ಕ್ವಾಮೆ. ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಅವರ ಜೊತೆಗೇ ಹುಟ್ಟಿದ ಅವಳಿ ತಂಗಿಯ ಹೆಸರು ಎಫುವಾ, ಅದು ಶುಕ್ರವಾರದ ಹೆಣ್ಣುಮಗುವಿನ ಹೆಸರು. ಅನ್ನಾನ್ ಎಂದರೆ ನಾಲ್ಕನೆಯ ಮಗು. ‘ಶುಕ್ರವಾರ ಹುಟ್ಟಿದ ನಾಲ್ಕನೆಯವನು’ ಎಂಬ ಹೆಸರು ಹೊತ್ತವರು ಇಡೀ ಪ್ರಪಂಚದ ರಾಜಿ ಪಂಚಾಯಿತಿ ಮಾಡಿದರು. ಘಾನಾಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ನ್ಕ್ರುಮಾ ಅಕಾನ್ ಲೆಕ್ಕದಲ್ಲಿ ಶನಿವಾರದವರು, ನಿಮ್ಮ ಕಡೆ ಹುಟ್ಟಿದ್ದರೆ ತನಿಯ ಎನ್ನುತ್ತಿದ್ದರು.

ನಗುವ ಮಕ್ಕಳದ್ದು ತಪ್ಪಲ್ಲ, ಅವರ ಹಿಂದಿನ ಕಥೆ ದೊಡ್ಡದಿದೆ. ಅಕಾನ್ ಜನರನ್ನು ಗುಲಾಮರಾಗಿ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಿದಾಗ ಅವರ ವಾರದ ಹೆಸರುಗಳೂ ಹಡಗು ಹತ್ತಿದವು. ಅಲ್ಲಿ ಕ್ವಾಸಿ ಎಂಬುದು ‘ಕ್ವಾಶಿ’ ಆಗಿ, ಕೊನೆಗೆ ಪೆದ್ದ, ಹಳ್ಳಿ ಗಮಾರ ಎಂದು ಬೈಯುವ ಪದವಾಯಿತು. ಅದೇ ಜಮೈಕಾದಲ್ಲಿ ಸೋಮವಾರದ ಹೆಸರಿನ ಕಡ್ಜೊ ಎಂಬ ನಾಯಕ, ತಪ್ಪಿಸಿಕೊಂಡ ಗುಲಾಮರನ್ನು ಕಾಡಿನಲ್ಲಿ ಕಟ್ಟಿಕೊಂಡು ಹೋರಾಡಿ, 1739ರಲ್ಲಿ ಬ್ರಿಟಿಷರೇ ಒಪ್ಪಂದಕ್ಕೆ ಕೈ ಹಾಕುವಂತೆ ಮಾಡಿದ. ಸುರಿನಾಮಿನ ಇನ್ನೊಬ್ಬ ಕ್ವಾಸಿ ಜ್ವರಕ್ಕೆ ಕಹಿ ಮರವೊಂದರ ಮದ್ದು ತೋರಿಸಿಕೊಟ್ಟ. ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಡುವ ಕ್ರಮ ತಂದ ಲಿನಿಯಸ್ ಆ ಗಿಡದ ಕುಲಕ್ಕೆ ‘ಕ್ವಾಸಿಯಾ’ ಎಂದೇ ಹೆಸರಿಟ್ಟ. ಹೆಸರಲ್ಲಿ ಕೀಳು ಏನೂ ಇರಲಿಲ್ಲ. ಹೆಸರು ಹೊತ್ತವರನ್ನು ದುಡಿಸಿಕೊಂಡವರ ಬಾಯಲ್ಲಿ ಅದು ಕೀಳಾಯಿತು. ನಮ್ಮಲ್ಲೂ ತುಕ್ರ, ಐತ, ಚನಿಯರಿಗೆ ಆದದ್ದು ಇದೇ, ಮತ್ತು ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಒಂದು ಮಾತು ಮಗನಿಗೆ ಕೇಳಿಸಿ: ಸೋಮವಾರಪೇಟೆ, ಶನಿವಾರಸಂತೆ ಎನ್ನುವಾಗ ಯಾರಾದರೂ ನಗುತ್ತಾರೆಯೇ? ಊರಿಗೆ ವಾರದ ಹೆಸರು ಒಪ್ಪುವುದಾದರೆ ಅಜ್ಜನಿಗೂ ಒಪ್ಪುತ್ತದೆ.

ಕುಶಾಲನಗರದಲ್ಲಿ ನಮ್ಮದು ಬಟ್ಟೆ ಅಂಗಡಿ. ಬೈಲಕುಪ್ಪೆಯ ಟಿಬೆಟನ್ ವಸತಿಯಿಂದ ಬರುವ ಗಿರಾಕಿಗಳ ಸಾಲದ ಲೆಕ್ಕ ಬರೆಯುವಾಗ ಕಷ್ಟ, ಗಂಡಸರೂ ಟೆನ್ಜಿನ್, ಹೆಂಗಸರೂ ಟೆನ್ಜಿನ್. ಅದು ಅವರ ಮನೆತನದ ಹೆಸರೇ?
– ವ್ಯಾಪಾರಿ, ಕುಶಾಲನಗರ

ಅಲ್ಲ. ಟಿಬೆಟಿನ ಸಾಮಾನ್ಯ ಜನರಿಗೆ ನಮ್ಮ ಹಾಗೆ ಮನೆತನದ ಹೆಸರು ಹಚ್ಚಿಕೊಳ್ಳುವ ರೂಢಿ ಇಲ್ಲ. ಟೆನ್ಜಿನ್ ಎಂದರೆ ಧರ್ಮೋಪದೇಶವನ್ನು ಕೈಬಿಡದೆ ಹಿಡಿದವರು. ಈಗಿನ, ಅಂದರೆ 14ನೇ ದಲಾಯಿ ಲಾಮಾ ಅವರ ಹೆಸರು ಟೆನ್ಜಿನ್ ಗ್ಯಾತ್ಸೊ. ಮಗುವಿಗೆ ಹೆಸರು ಕೊಡಿ ಎಂದು ಅವರನ್ನು ಕೇಳಿಕೊಂಡವರಿಗೆ ತಮ್ಮ ಹೆಸರಿನ ಮೊದಲ ಭಾಗವನ್ನೇ ಹಂಚುತ್ತಾರೆ. ಬೈಲಕುಪ್ಪೆಯ ವಸತಿ ಶುರುವಾದದ್ದು 1961ರಲ್ಲಿ. ಅಲ್ಲಿಂದೀಚೆಗೆ ಇಲ್ಲೇ ಹುಟ್ಟಿ ಬೆಳೆದವರಲ್ಲಿ ಅಷ್ಟೊಂದು ಟೆನ್ಜಿನ್‌ಗಳು ಇರುವುದು ಇದಕ್ಕೇ.

ಗಂಡು ಹೆಣ್ಣು ಎಂಬ ಭೇದವೂ ಈ ಹೆಸರುಗಳಲ್ಲಿ ಸಡಿಲ. ದಲಾಯಿ ಲಾಮಾ ಅವರಿಗೇ 1935ರಲ್ಲಿ ತಂದೆತಾಯಿ ಇಟ್ಟ ಹೆಸರು ಲಾಮೊ ತೊಂಡುಪ್. ಲಾಮೊ ಎಂದರೆ ದೇವಿ. ಬೇಡಿದ್ದು ಕೊಡುವ ದೇವಿ ಎಂಬ ಹೆಸರು ಗಂಡುಮಗುವಿಗೆ.

ನೀವು ಲೆಕ್ಕದ ಪುಸ್ತಕದಲ್ಲಿ ಎರಡನೆಯ ಹೆಸರನ್ನೂ ಬರೆದುಕೊಳ್ಳಿ. ಡೋಲ್ಮಾ ಎಂದರೆ ತಾರಾದೇವಿ, ನೋರ್ಬು ಎಂದರೆ ರತ್ನ, ಟಾಶಿ ಎಂದರೆ ಮಂಗಳ, ತ್ಸೆರಿಂಗ್ ಎಂದರೆ ನಮ್ಮ ಚಿರಂಜೀವಿ. ವಾರದ ಹೆಸರಿನವರೂ ಸಿಗುತ್ತಾರೆ: ನ್ಯಿಮಾ ಎಂದರೆ ಸೂರ್ಯ, ಭಾನುವಾರ. ದಾವಾ ಎಂದರೆ ಚಂದ್ರ, ಸೋಮವಾರ. ಪಸಾಂಗ್ ಶುಕ್ರವಾರ, ಪೆಂಬಾ ಶನಿವಾರ. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಮಂಗಳವಾರದ ಮಿಗ್ಮಾರ್. ‘ಕೆಂಪು ಕಣ್ಣು’ ಎಂದು ಅದರ ಅರ್ಥ, ಮಂಗಳ ಗ್ರಹದ ಹೆಸರು. ತುಳುವರು ಅದೇ ಗ್ರಹವನ್ನು ಕೆಂಡ ಎಂದು ಕಂಡು ಮಗನಿಗೆ ಅಂಗಾರ ಎಂದರು. ಹಿಮಾಲಯದ ಆಚೆಯವರೂ ಘಟ್ಟದ ಕೆಳಗಿನವರೂ ಆಕಾಶದ ಒಂದೇ ಕೆಂಪು ಚುಕ್ಕೆಯನ್ನು ತೊಟ್ಟಿಲಿಗೆ ತಂದಿದ್ದಾರೆ.

ಮಗಳಿಗೆ ಹೆಣ್ಣುಮಗು. ಮೈರಾ ಇಲ್ಲವೇ ಕಿಯಾರಾ ಎಂದು ಇಡುತ್ತಾಳಂತೆ, ಮೊಬೈಲಿನಲ್ಲಿ ಒಳ್ಳೆಯ ಅರ್ಥ ಬಂದಿದೆಯಂತೆ. ನನ್ನ ತಾಯಿಯ ಹೆಸರು ಪೊನ್ನವ್ವ. ಅದನ್ನು ಹೇಳಿದರೆ ‘ತುಂಬಾ ಹಳೇದು’ ಎನ್ನುತ್ತಾಳೆ. ತಾವೇ ಹೇಳಿ.
– ಅಜ್ಜಿ, ಗೋಣಿಕೊಪ್ಪ

ಕಿಯಾರಾ ಇಟಲಿಯ ಹೆಸರು. ತಿಳಿಯಾದದ್ದು, ಬೆಳಗುವುದು ಎಂದು ಅರ್ಥ. 13ನೇ ಶತಮಾನದ ಅಸ್ಸೀಸಿಯ ಸಂತ ಕ್ಲಾರಾಳನ್ನು ಅಲ್ಲಿಯವರು ಕಿಯಾರಾ ಎಂದೇ ಕರೆಯುತ್ತಾರೆ. ಒಳ್ಳೆಯ ಹೆಸರು. ಮೈರಾ ಬೇರೆ ಕಥೆ. ಫುಲ್ಕ್ ಗ್ರೆವಿಲ್ ಎಂಬ ಇಂಗ್ಲಿಷ್ ಕವಿ ಸುಮಾರು 400 ವರ್ಷಗಳ ಹಿಂದೆ ತನ್ನ ಕವಿತೆಯ ಹೆಣ್ಣಿಗಾಗಿ ಕಟ್ಟಿದ ಹೆಸರು ಅದು. ಮೊಬೈಲ್ ತೋರಿಸುವ ಅರ್ಥಗಳೆಲ್ಲ ಆಮೇಲೆ ಅಂಟಿಸಿದವು. ಹೆಸರಿನ ಅರ್ಥ ಹೇಳುವ ಜಾಗಗಳಲ್ಲಿ ಯಾವ ಭಾಷೆ, ಯಾವ ಮೂಲ ಪದ ಎಂದು ಬರೆದಿಲ್ಲದಿದ್ದರೆ ಆ ಅರ್ಥವನ್ನು ನಂಬಬೇಡಿ ಎಂದು ನಿಮ್ಮ ಮಗಳಿಗೆ ಹೇಳಿ.

ಪೊನ್ನವ್ವ ಹಳೆಯ ಹೆಸರು, ನಿಜ. ಎಷ್ಟು ಹಳೆಯದು ಎಂದು ಮಗಳಿಗೆ ಗೊತ್ತಾದರೆ ಮನಸ್ಸು ಬದಲಾದೀತು. ಪೊನ್ ಎಂದರೆ ಚಿನ್ನ. ಹಳಗನ್ನಡದವರೂ ಹಾಗೆಯೇ ಅನ್ನುತ್ತಿದ್ದರು. ಕನ್ನಡದಲ್ಲಿ ಆಮೇಲೆ ‘ಪ’ ಹೋಗಿ ‘ಹ’ ಬಂದು ಹೊನ್ನು ಆಯಿತು, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ‘ಪ’ ಹಾಗೇ ನಿಂತಿತು. 10ನೇ ಶತಮಾನದ ಕನ್ನಡ ಕವಿಯ ಹೆಸರು ಪೊನ್ನ. ನಿಮ್ಮ ತಾಯಿಯ ಹೆಸರಿನಲ್ಲಿ ಸಾವಿರ ವರ್ಷದ ಹಿಂದಿನ ಉಚ್ಚಾರ ಇನ್ನೂ ಬದುಕಿದೆ. ಅದಕ್ಕೆ ಸೇರಿದ ‘ಅವ್ವ’ ಎಂದರೆ ಕೊಡವರಿಗೆ ತಾಯಿ. ಚಿನ್ನದಂಥ ತಾಯಿ ಎಂದಾಯಿತಲ್ಲ.

ಆದರೆ ಹೆಸರಿಡುವ ಹಕ್ಕು ಹೆತ್ತವರದ್ದು. ಹಾಗಾಗಿ ಎರಡನ್ನೂ ಸೇರಿಸಿ ಎನ್ನುತ್ತೇನೆ. ಕೊಡಗಿಗೆ ಇದು ಹೊಸದಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳಿಗೆ 1852ರಲ್ಲಿ ಲಂಡನ್ನಿನ ಅರಮನೆಯಲ್ಲಿ ಕ್ರೈಸ್ತ ದೀಕ್ಷೆಯಾದಾಗ ಧರ್ಮಮಾತೆಯಾಗಿ ನಿಂತ ರಾಣಿ ವಿಕ್ಟೋರಿಯಾ ತನ್ನ ಹೆಸರನ್ನೇ ಕೊಟ್ಟಳು. ಆದರೂ ಆ ಹುಡುಗಿ ವಿಕ್ಟೋರಿಯಾ ಗೌರಮ್ಮ. ಮನೆಯ ಹೆಸರು ಬಿಡಲಿಲ್ಲ. ಇನ್ನು ಮನೆಪೆದ, ಅಂದರೆ ಕೊಡವರ ಮನೆತನದ ಹೆಸರಂತೂ ಮೊದಲಿಗೇ ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಎನ್ನುವಾಗ ಮೊದಲು ಒಕ್ಕ (ಮನೆತನ), ಆಮೇಲೆ ತಂದೆ, ಕೊನೆಗೆ ತಾನು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಹಾಕಿ ಹಬ್ಬದ ಕಪ್ಪಿಗೆ ಪ್ರತಿ ವರ್ಷ ನಡೆಸಿಕೊಡುವ ಒಕ್ಕದ ಹೆಸರೇ ಬರುವುದನ್ನು ನೋಡಿದ್ದೀರಿ. ಮನೆಪೆದ, ಪೊನ್ನವ್ವ, ಕಿಯಾರಾ – ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಕರೆಯುವುದಕ್ಕೆ ಅವರು ಒಂದು ಹೆಸರು ಇಟ್ಟುಕೊಳ್ಳಲಿ, ನೀವು ಇನ್ನೊಂದು.

ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಯಾವಾಗ ಸೇರಿಸಬಹುದು? ಸರ್ಕಾರ ಒಪ್ಪದ ಹೆಸರು ಅಂತ ಇದೆಯೇ?
– ಓದುಗರು, ನಾಪೋಕ್ಲು

ನೋಂದಣಿಯಾಗಿ 12 ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ. ಇಂಥದ್ದೇ ಹೆಸರಿಡಬೇಕು ಎಂಬ ಪಟ್ಟಿ ನಮ್ಮ ದೇಶದಲ್ಲಿಲ್ಲ. ಐಸ್‌ಲೆಂಡಿನಲ್ಲಿದೆ. ಪಟ್ಟಿಯಲ್ಲಿಲ್ಲದ ಹೆಸರನ್ನು ಒಪ್ಪಬೇಕೋ ಬೇಡವೋ ಎಂದು ನೋಡಲು ಅಲ್ಲಿ 1991ರಿಂದ ಒಂದು ಸಮಿತಿಯೇ ಇದೆ. ‘ತಂಗಾಳಿ’ ಎಂಬ ಅರ್ಥದ ಬ್ಲೈರ್ ಎಂಬ ಹೆಸರು ಗಂಡಿನದು ಎಂದು ಒಬ್ಬ ಹುಡುಗಿಗೆ ಅದನ್ನು ನಿರಾಕರಿಸಿದ್ದರು. 15 ವರ್ಷ ಆಕೆಯ ಕಾಗದಪತ್ರಗಳಲ್ಲಿ ಹೆಸರಿನ ಜಾಗದಲ್ಲಿ ‘ಹುಡುಗಿ’ ಎಂದಷ್ಟೇ ಇತ್ತು. ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ತನ್ನ ಹೆಸರನ್ನು ಗೆದ್ದುಕೊಂಡಳು.

ನಾನು ಸಿದ್ದಾಪುರದ ಹತ್ತಿರದ ಕಾಫಿ ತೋಟದ ಲೈನ್ ಮನೆಯವಳು, ಅಂದರೆ ಕೂಲಿಯವರ ಸಾಲುಮನೆಯವಳು. ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಹೆಣ್ಣು ಸಾಕು ಅಂತ ಸಾಕಮ್ಮ ಎಂದು ಹೆಸರಿಟ್ಟರು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ‘ಹೆಸರು ಬದಲಾಯಿಸಿಕೊ ಅಜ್ಜಿ’ ಅನ್ನುತ್ತಾಳೆ. ಅವಳ ಕೈಲೇ ಇದನ್ನು ಬರೆಸಿದ್ದೇನೆ.

ಅಮ್ಮಾ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ.

ನಿಮಗೆ ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಸಾಲಾಗಿ ಹೆಣ್ಣು ಹುಟ್ಟಿದ ಮನೆಗಳಲ್ಲಿ ‘ಇನ್ನು ಸಾಕು’ ಎಂದು ಈ ಹೆಸರು ಇಟ್ಟದ್ದುಂಟು. ಇದು ನಮ್ಮಲ್ಲಿ ಮಾತ್ರವಲ್ಲ. ಚೀನಾದಲ್ಲಿ ಹೆಣ್ಣುಮಗುವಿಗೆ ಝಾವೊದಿ ಎಂದು ಇಡುತ್ತಿದ್ದರು, ‘ತಮ್ಮನನ್ನು ಕರೆದು ತಾ’ ಎಂದು ಅರ್ಥ. ಮಹಾರಾಷ್ಟ್ರದಲ್ಲಿ ನಕೂಶಿ ಎಂದು ಇಡುತ್ತಿದ್ದರು, ‘ಬೇಡವಾದವಳು’. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 280ಕ್ಕೂ ಹೆಚ್ಚು ಹುಡುಗಿಯರನ್ನು ಸೇರಿಸಿ, ಅವರವರೇ ಆರಿಸಿಕೊಂಡ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟರು. ಅದು ಆಗಬೇಕಾದ ಕೆಲಸವೇ ಆಗಿತ್ತು.

ಆದರೆ ಕೇಳುವುದಕ್ಕೆ ಒರಟಾದ ಹೆಸರೆಲ್ಲ ಮಗು ಬೇಡವೆಂದು ಇಟ್ಟದ್ದಲ್ಲ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಮ್ಮ ಎಂದರು. ಸಾವಿಗೆ ಇದು ಕಸವೆಂದೇ ಕಾಣಲಿ, ಮುಟ್ಟದೆ ಹೋಗಲಿ ಎಂದು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಗುಂಡ ಎಂದರು. ಬಂಗಾಳದಲ್ಲಿ ಮೂರು ಕವಡೆಗೆ ಮಾರಿದ ಹಾಗೆ ಮಾಡಿ ತೀನ್‌ಕೌಡಿ ಎಂದರು. ನೈಜೀರಿಯಾದ ಯೊರುಬಾ ಜನರಂತೂ ಮಗುವಿನ ಜೊತೆ ಮಾತೇ ಆಡಿದ್ದಾರೆ: ಮಾಲೊಮೊ, ‘ಮತ್ತೆ ಹೋಗಬೇಡ’. ಡುರೊಜಾಯೆ, ‘ನಿಲ್ಲು, ಬದುಕಿನ ಸುಖ ನೋಡು’. ಇವನ್ನು ಓದುವಾಗೆಲ್ಲ ಯಾವುದೋ ತಾಯಿ ತೊಟ್ಟಿಲ ಮುಂದೆ ಕೈ ಮುಗಿದು ಕೂತಿರುವುದು ನನಗೆ ಕಾಣುತ್ತದೆ.

ನಿಮ್ಮ ಹೆಸರಿನೊಳಗೆ ಎರಡು ಪದಗಳಿವೆ. ಒಂದು, ಇನ್ನು ಬೇಡ ಎನ್ನುವ ಸಾಕು. ಇನ್ನೊಂದು, ದನ ಸಾಕುವುದು, ಮಕ್ಕಳನ್ನು ಸಾಕುವುದು ಎನ್ನುವಾಗಿನ ಸಾಕು. ಎರಡನೆಯದರಲ್ಲಿ ಸಾಕಮ್ಮ ಎಂದರೆ ಸಾಕಿ ಸಲಹಿದ ತಾಯಿ. ನಿಮ್ಮನ್ನು ಆಡಿಕೊಂಡವರು ಮೊದಲನೆಯದನ್ನೇ ಹಿಡಿದರು. ತೋಟದಲ್ಲಿ ದುಡಿದು ಮೊಮ್ಮಗಳು ಕಾಲೇಜು ಮೆಟ್ಟಿಲು ಹತ್ತುವವರೆಗೆ ಮನೆ ನಡೆಸಿದ ನಿಮಗೆ ಎರಡನೆಯದು ಒಪ್ಪುತ್ತದೆ.

ನೀವು ಹಣ್ಣು ಬಿಡಿಸುವ ಈ ಕಾಫಿಗೂ ನಿಮ್ಮ ಹೆಸರಿಗೂ ಸಂಬಂಧವಿದೆ, ಮೊಮ್ಮಗಳಿಗೆ ಹೇಳಿ. ತುಮಕೂರು ಕಡೆಯ ಸಾಕಮ್ಮ ಎಂಬ ಹೆಣ್ಣುಮಗಳು ಕೊಡಗಿನ ಕಾಫಿ ಬೆಳೆಗಾರರ ದೊಡ್ಡಮನೆಗೆ ಚಿಕ್ಕ ವಯಸ್ಸಿನಲ್ಲೇ ಸೊಸೆಯಾಗಿ ಬಂದರು. ಗಂಡ ತೀರಿಕೊಂಡ ಮೇಲೆ ತೋಟ ನಡೆಸಿದರು, ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿ ಉದ್ಯಮ ಕಟ್ಟಿದರು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತರು. ಜನ ಅವರನ್ನು ‘ಕಾಫಿಪುಡಿ ಸಾಕಮ್ಮ’ ಎಂದೇ ಕರೆದರು.

ಇಷ್ಟಾದ ಮೇಲೂ ಹೆಸರು ಚುಚ್ಚುತ್ತಿದೆ ಅನ್ನಿಸಿದರೆ ಸಂಕೋಚವಿಲ್ಲದೆ ಬದಲಾಯಿಸಿಕೊಳ್ಳಿ. ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ನೊಗೆ ಹುಟ್ಟಿದಾಗ ಇಟ್ಟ ಹೆಸರು ಕುಸ್ನೊ. ಮೇಲಿಂದ ಮೇಲೆ ಕಾಯಿಲೆ ಬೀಳುತ್ತಾನೆಂದು ತಂದೆ ನಮ್ಮ ಮಹಾಭಾರತದ ಕರ್ಣನ ಹೆಸರಿಟ್ಟು, ಅದರ ಮೊದಲಿಗೆ ‘ಸು’ ಸೇರಿಸಿದರು. ಬದಲಾವಣೆಗೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಹಾಕಿಸಬೇಕು. ಆಮೇಲೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಪಿಎಫ್ ಎಲ್ಲ ಕಡೆಯೂ ಒಂದೇ ಥರ ಬರಬೇಕು, ಇಲ್ಲವಾದರೆ ಪಿಎಫ್ ಹಣ ತೆಗೆಯುವಾಗ ತೊಡಕಾಗುತ್ತದೆ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅರ್ಜಿ ಕೊಡುವ ಮೊದಲು ಒಂದೊಂದು ಅಕ್ಷರವನ್ನೂ ಮೊಮ್ಮಗಳ ಕೈಲಿ ಗಟ್ಟಿಯಾಗಿ ಓದಿಸಿಕೊಳ್ಳಿ.