ಕಾಲೋನ ಗೂನುಬೆನ್ನಿನವರು ದೊರೆಗಳೇ?

ಹೋದ ಸಂಚಿಕೆಯಲ್ಲಿ ಬಂದ, ನಾನೂರು ವರ್ಷ ಹಿಂದಿನ ಯೂರೋಪಿನ ಕಲಾವಿದ ಜಾಕ್ ಕಾಲೋನ ಚಿತ್ರಗಳ ಬಗ್ಗೆ ಓದುಗರೊಬ್ಬರು ಬರೆದಿದ್ದಾರೆ: "ಈ ಗೂನುಬೆನ್ನಿನ, ಡೊಳ್ಳುಹೊಟ್ಟೆಯ ಕುಳ್ಳರು ಆ ಕಾಲದ ದೊರೆಗಳು, ಪಾದ್ರಿಗಳೇ ಅಲ್ವಾ? ಬಾಯಿಬಿಟ್ಟು ಹೇಳಲಾಗದ್ದನ್ನು ಕಲಾವಿದ ಹೀಗೆ ಹೇಳಿದ್ದಾನೆ. ನೀವು ಅದನ್ನು ಬರೀ ತಮಾಷೆ ಅಂದದ್ದು ಸರಿಯಲ್ಲ."

ಪತ್ರ ಖುಷಿ ಕೊಟ್ಟಿತು. ಆದರೆ ಒಪ್ಪುವುದು ಕಷ್ಟ.

ಆ ಚಿತ್ರಮಾಲೆಯ ಮೊದಲ ಹಾಳೆಯಲ್ಲೇ ಇಟಲಿಯ ಊರು ಫ್ಲಾರೆನ್ಸ್, 1616 ಎಂದಿದೆ. ಕಾಲೋ ಆಗ ಅಲ್ಲಿನ ಮೆಡಿಚಿ ಮನೆತನದ ದೊರೆ ಎರಡನೇ ಕೋಸಿಮೋನ ಆಶ್ರಯದಲ್ಲಿದ್ದ. ಆ ಅರಮನೆಗಳಲ್ಲಿ ಕುಳ್ಳರನ್ನು ನಗಿಸುವುದಕ್ಕೆಂದೇ ಇಟ್ಟುಕೊಳ್ಳುತ್ತಿದ್ದರು. ಚಿತ್ರದಲ್ಲಿರುವವರು ಪಿಟೀಲು ಬಾರಿಸುತ್ತಾರೆ, ಕುಡಿಯುತ್ತಾರೆ, ಕತ್ತಿ ಹಿರಿಯುತ್ತಾರೆ. ಒಬ್ಬನಿಗೆ ಊರುಗೋಲು. ಯಾರ ತಲೆಯ ಮೇಲೂ ಕಿರೀಟವಿಲ್ಲ. ದೊರೆಯ ಅನ್ನ ತಿನ್ನುವವನು ದೊರೆಯನ್ನು ಅಣಕಿಸಬಾರದು ಎಂದೇನಿಲ್ಲ, ಆದರೆ ಅದಕ್ಕೆ ಚಿತ್ರದೊಳಗೆ ಒಂದಾದರೂ ಗುರುತು ಬೇಕು. ಇಲ್ಲಿ ನಗು ಹರಿಯುವುದು ಮೇಲಿನಿಂದ ಕೆಳಕ್ಕೆ. ಸಮಾಜದ ಮಾತು ಇದ್ದರೆ ಅದು ಇಷ್ಟೇ: ಅರಮನೆ ಯಾರನ್ನು ನೋಡಿ ನಗುತ್ತಿತ್ತು ಎಂಬುದು ನಮಗೆ ತಿಳಿಯುತ್ತದೆ. ಕಾಲೋ ಅದನ್ನು ಬೇಕೆಂದು ಹೇಳಿದ ಅಂತ ನನಗನ್ನಿಸುವುದಿಲ್ಲ.

ನೀವು ಹುಡುಕುತ್ತಿರುವುದು ಅವನಲ್ಲಿ ಖಂಡಿತ ಇದೆ, ಬೇರೆ ಕಡೆ. 1621ರಲ್ಲಿ ಕೋಸಿಮೋ ಸತ್ತ. ಕಾಲೋ ತನ್ನ ಊರು ನಾನ್ಸಿಗೆ ಮರಳಿದ. 1633ರಲ್ಲಿ ಫ್ರಾನ್ಸಿನ ಸೈನ್ಯ ಅವನ ನಾಡು ಲೊರೇನ್‌ಗೆ ನುಗ್ಗಿತು. ಅವನ 'ಯುದ್ಧದ ಸಂಕಟಗಳು' ಮಾಲೆಯ 18 ಚಿತ್ರಗಳು ಪ್ಯಾರಿಸ್ಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಇಲ್ಲಿ ವಿಚಿತ್ರ ಆಕೃತಿ ಒಂದೂ ಇಲ್ಲ. ಸೈನಿಕರು ರೈತನ ಮನೆ ದೋಚುತ್ತಾರೆ, ಚರ್ಚು ಸುಡುತ್ತಾರೆ. ಆಮೇಲೆ ಹೀಗೆ ದೋಚಿ ಸಿಕ್ಕಿಬಿದ್ದ ಸೈನಿಕರನ್ನೇ ಒಂದೇ ಮರಕ್ಕೆ ಸಾಲಾಗಿ ನೇತುಹಾಕುತ್ತಾರೆ. ಪಾದ್ರಿ ಏಣಿ ಹತ್ತಿ ಶಿಲುಬೆ ತೋರಿಸುತ್ತಿದ್ದಾನೆ. ಮರದ ಬುಡದಲ್ಲಿ ತಮಟೆಯ ಮೇಲೆ ದಾಳ ಉರುಳುತ್ತಿದೆ! ಇಷ್ಟೆಲ್ಲ ಒಂದು ಗೇಣಿಗಿಂತ ತುಸು ಕಿರಿದಾದ ಹಾಳೆಯಲ್ಲಿ. ಇಂಥ ಚಿತ್ರಕ್ಕೆ ತಾಮ್ರದ ತಗಡಿಗೆ ವಾರ್ನಿಶ್ ಬಳಿದು, ಅದರಲ್ಲಿ ಸೂಜಿಯಿಂದ ಗೆರೆ ಗೀರಿ, ಆ ಗೆರೆಯನ್ನು ಆಮ್ಲ ಕೊರೆಯಲು ಬಿಡುತ್ತಾರೆ. ಕಾಲೋ ವಾದ್ಯ ಮಾಡುವವರ ಗಟ್ಟಿ ವಾರ್ನಿಶ್ ಬಳಿಯುತ್ತಿದ್ದುದರಿಂದ ಆಮ್ಲ ಅಂಚು ಮೀರದೆ ಇಷ್ಟು ಸಣ್ಣ ಗೆರೆ ಉಳಿಯುತ್ತಿತ್ತು.

ಇಲ್ಲೂ ಅವಸರ ಬೇಡ. ಕೊನೆಯ ಚಿತ್ರದಲ್ಲಿ ಸಿಂಹಾಸನದ ಮೇಲೆ ಕುಳಿತ ದೊರೆ ಒಳ್ಳೆಯ ಸೈನಿಕರಿಗೆ ಬಹುಮಾನ ಹಂಚುತ್ತಾನೆ. ಹಾಗಾಗಿ ಇದು ಯುದ್ಧವೇ ಬೇಡ ಎಂಬ ಕೂಗೋ, ಸೈನ್ಯಕ್ಕೆ ಶಿಸ್ತು ಬೇಕೆಂಬ ಬುದ್ಧಿವಾದವೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ. ನಾನು ಮರದ ಚಿತ್ರದ ಕಡೆ. ಅದನ್ನು ನೋಡಿದ ಮೇಲೆ ಬಹುಮಾನದ ಚಿತ್ರ ಸುಮ್ನೆ ಕಟ್ಟುಕಟ್ಟಳೆಗೆ ಸೇರಿಸಿದಂತೆ ಕಾಣುತ್ತದೆ.

ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದ್ದು ಅವನ 25 ಭಿಕ್ಷುಕರ ಚಿತ್ರಗಳು. ಮೊದಲನೆಯದರಲ್ಲಿ ಬಾವುಟ ಹಿಡಿದ ಒಬ್ಬ ನಿಂತಿದ್ದಾನೆ. ಬಾವುಟದ ಬರಹದ ಪ್ರಕಾರ ಅವನು ಕಳ್ಳಖದೀಮರ ನಾಯಕ. ಅಂದರೆ ಮುಂದೆ ಬರುವವರೆಲ್ಲ ಸೋಗುಗಾರರು ಎಂದಾಯಿತು. ಪುಟ ತಿರುಗಿಸಿದರೆ ಊರುಗೋಲಿನ ಮುದುಕ, ಮಕ್ಕಳನ್ನು ಕಟ್ಟಿಕೊಂಡ ತಾಯಿ. ಹಿಂದೆ ಬೀದಿಯಿಲ್ಲ, ಮನೆಯಿಲ್ಲ, ಬರೀ ಬಿಳಿ ಹಾಳೆ. ಇವರನ್ನು ನೋಡಿ ಸೋಗು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ನಾಯಕನನ್ನೂ ಆ ತಾಯಿಯನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ. ನೋಡಿ, ಜಗಳ ಮುಂದುವರಿಸೋಣ.

– ಸಂ.